ಎರಡು ನಾಲಿಗೆಯವನು

ಐವತ್ತೊಂಬತ್ತು ದಾಟುವ ಹೊತ್ತಿಗೆ ನನ್ನ ಮೇಲ್ಸಾಲಿನ ಎರಡು ಮುಂಬಲ್ಲುಗಳು ಒಂದೇ ತಿಂಗಳಲ್ಲಿ ಕೆಲಸ ಬಿಟ್ಟವು. ಬ್ಯಾಂಕು ನನ್ನನ್ನು ಮನೆಗೆ ಕಳಿಸುವುದಕ್ಕೆ ಇನ್ನೂ ಎಂಟು ತಿಂಗಳಿತ್ತು. ಹಲ್ಲುಗಳಿಗೆ ಅಷ್ಟು ತಾಳ್ಮೆಯಿರಲಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ನಗಾಡಿದರು. ನನಗಿದ್ದದ್ದು ಕಡಲೆಯ ಯೋಚನೆಯಲ್ಲ, ಕ್ಲಾರಿನೆಟ್ಟಿನದು.

ಊದುವ ವಾದ್ಯಕ್ಕೂ ಹಲ್ಲಿಗೂ ಏನು ನಂಟು ಎನ್ನುವವರು ಒಮ್ಮೆ ಕ್ಲಾರಿನೆಟ್ಟಿನ ಬಾಯನ್ನು ನೋಡಬೇಕು. ಬಾತುಕೋಳಿಯ ಕೊಕ್ಕಿನ ಹಾಗಿರುವ ಕಪ್ಪು ಎಬೊನೈಟಿನ ತುಂಡು ಅದು. ಅದರ ಕೆಳಮೈಗೆ ಒಂದೇ ಒಂದು ರೀಡನ್ನು, ಅಂದರೆ ನಯವಾಗಿ ಹೆರೆದ ಜೊಂಡಿನ ಸೀಳನ್ನು, ಲಿಗೇಚರ್ ಎಂಬ ಪಟ್ಟಿ ಹಾಕಿ ಬಿಗಿದಿರುತ್ತಾರೆ. ಕೆಳತುಟಿಯನ್ನು ಕೆಳಹಲ್ಲಿನ ಮೇಲೆ ಮಡಚಿ ಹಾಸಿಗೆ ಮಾಡಿ ರೀಡನ್ನು ಅದರ ಮೇಲೆ ಮಲಗಿಸಬೇಕು. ಮೇಲಿನ ಹಲ್ಲನ್ನು ಮಾತ್ರ ಯಾವ ಮುಲಾಜೂ ಇಲ್ಲದೆ ಕೊಕ್ಕಿನ ನೆತ್ತಿಯ ಮೇಲೆ ಊರಬೇಕು. ನನ್ನ ಕೊಕ್ಕಿನ ನೆತ್ತಿಯಲ್ಲಿ ನಲವತ್ತು ವರ್ಷಕ್ಕೆ ಎರಡು ಸಣ್ಣ ಗುಳಿಗಳು ಬಿದ್ದಿದ್ದವು. ಈಗ ಗುಳಿಗಳಿದ್ದವು, ಅವುಗಳ ಒಡೆಯರಿರಲಿಲ್ಲ. ಕಟ್ಟಿಸಿದ ಹಲ್ಲು ಹಾಕಿಕೊಂಡು ಊದಿ ನೋಡಿದೆ. ಮಂದ್ರದಲ್ಲಿ ಹೇಗೋ ಸಾಗಿತು. ಮೇಲಕ್ಕೆ ಹೋದ ಹಾಗೆ ಹಲ್ಲಿನ ಪಟ್ಟಿ ತನ್ನದೇ ತಾಳ ಹಾಕತೊಡಗಿತು. ನಾನು ಆದಿತಾಳ, ಅದು ಖಂಡಚಾಪು.

ಕ್ಲಾರಿನೆಟ್ಟು ನನಗೆ ಮೈಸೂರಿನಿಂದ ಬಂದದ್ದು. ಲಷ್ಕರ್ ಮೊಹಲ್ಲದಲ್ಲಿ ನಮ್ಮ ಮನೆಯ ಹಿಂದೆ, ಅರಮನೆ ಬ್ಯಾಂಡಿನಲ್ಲಿದ್ದು ನಿವೃತ್ತರಾದ ಒಬ್ಬ ಹಿರಿಯರಿದ್ದರು. ದಸರಾ ಮೆರವಣಿಗೆಯ ದಿನ ತಮ್ಮ ಹಳೆಯ ಕೋಟು ಹಾಕಿಕೊಂಡು ಸಯ್ಯಾಜಿರಾವ್ ರಸ್ತೆಯ ಪಕ್ಕ ನಿಂತು, ಬ್ಯಾಂಡು ಹಾದುಹೋಗುವಾಗ ಬಾಯಿ ಮುಚ್ಚಿಕೊಂಡೇ ಬೆರಳಾಡಿಸುತ್ತಿದ್ದರು. ಹದಿನಾರರ ನನಗೆ ಅವರೇ ತುಟಿ ಮಡಚುವುದನ್ನು ಕಲಿಸಿದರು. ಕ್ಲಾರಿನೆಟ್ ಎಂದರೆ ಆಗ ನಮ್ಮ ಬೀದಿಯಲ್ಲಿ ಒಂದು ಮರ್ಯಾದೆ. ಅದು ಬ್ಯಾಂಡು, ಸಮವಸ್ತ್ರ, ಗುಂಡಿ, ಪಾಲಿಶು. ವಾಲಗ ಎಂದರೆ ಬೇರೆ. ಮದುವೆಮನೆಯ ಮೂಲೆಯಲ್ಲಿ ಚಾಪೆ, ಕೊನೆಯ ಪಂಕ್ತಿಯಲ್ಲಿ ಊಟ. 1977ರಲ್ಲಿ 'ಸನಾದಿ ಅಪ್ಪಣ್ಣ' ಬಂದಾಗ ಮೂರು ಸಲ ನೋಡಿದೆ. ಪರದೆಯ ಮೇಲೆ ರಾಜಕುಮಾರ್ ಊದಿದ ಶಹನಾಯಿಯ ಹಿಂದೆ ನಿಜವಾಗಿ ಊದಿದವರು ಬಿಸ್ಮಿಲ್ಲಾ ಖಾನರು ಎಂದು ಗೊತ್ತಿದ್ದೂ, ಚಿತ್ರಮಂದಿರದಿಂದ ಹೊರಬಂದು ಗೆಳೆಯರಿಗೆ ಹೇಳಿದ್ದೆ: 'ಚೆನ್ನಾಗಿದೆ, ಆದ್ರೆ ಕೀಗಳೇ ಇಲ್ವಲ್ಲೋ ಅದಕ್ಕೆ.' ಹದಿನೇಳರ ತಲೆಹರಟೆ. ಆ ಮಾತಿಗೆ ದಂಡ ಕಟ್ಟುವ ಸರದಿ ಮುಂದೆ ಬಂತು.

ನಿವೃತ್ತಿಯ ನಂತರ ನಾವು ಹೆಂಡತಿಯ ತವರಾದ ಪುತ್ತೂರಿನ ಕಡೆಗೆ ಬಂದೆವು. ಮೊದಲ ಮದುವೆಗೆ ಹೋದಾಗಲೇ ಕಂಡದ್ದು, ಇಲ್ಲಿ ವಾಲಗವೆಂದರೆ ಸ್ಯಾಕ್ಸೋಫೋನು. ಮುಹೂರ್ತಕ್ಕೆ ಸ್ಯಾಕ್ಸೋಫೋನು, ದಿಬ್ಬಣಕ್ಕೆ ಸ್ಯಾಕ್ಸೋಫೋನು, ದೇವಸ್ಥಾನದಲ್ಲಿ ಸ್ಯಾಕ್ಸೋಫೋನು, ಭೂತದ ಕೋಲದಲ್ಲೂ ಸ್ಯಾಕ್ಸೋಫೋನು. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟು ಪಡೆದ ಮಿಲಿಟರಿ ಬ್ಯಾಂಡಿನ ವಾದ್ಯ, ತುಳುನಾಡಿನ ಪಂಜುರ್ಲಿಯ ಮುಂದೆ ಹೀಗೆ ಮೊಳಗೀತೆಂದು ಅವನು ಕನಸಿನಲ್ಲೂ ಎಣಿಸಿರಲಾರ. ಇದರ ಬೇರು ಕದ್ರಿ ಗೋಪಾಲನಾಥರಲ್ಲಿದೆ. ಅವರು ಹುಟ್ಟಿದ್ದು 1949ರಲ್ಲಿ, ಬಂಟ್ವಾಳದ ಸಜಿಪದಲ್ಲಿ. ತಂದೆ ತನಿಯಪ್ಪನವರು ನಾಗಸ್ವರದವರು. ಮಗನೂ ನಾಗಸ್ವರದಲ್ಲೇ ಬೆಳೆಯಬೇಕಾದವರು. ಆದರೆ ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನು ಕೇಳಿ ಮನಸೋತರು. ಕೀಲಿಗಳಿಂದ ಗಮಕ ಬರಲಾರದು ಎಂದವರ ಎದುರು ವರ್ಷಗಟ್ಟಲೆ ಹಟ ಹಿಡಿದು ಬರಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿ, 2004ರಲ್ಲಿ ಪದ್ಮಶ್ರೀ. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕರಾವಳಿಯ ಎಷ್ಟೋ ನಾಗಸ್ವರದ ಮನೆಗಳಲ್ಲಿ ಹಿತ್ತಾಳೆಯ ಬಾಗಿದ ಕತ್ತು ಬಂದು ಕೂತಿತ್ತು.

ನಾಗಸ್ವರಕ್ಕೆ ಎರಡು ರೀಡು, ಸ್ಯಾಕ್ಸೋಫೋನಿಗೆ ಒಂದು. ಅಂದರೆ ಇಡೀ ಕರಾವಳಿ ಎರಡು ನಾಲಿಗೆಯಿಂದ ಒಂದು ನಾಲಿಗೆಗೆ ಬಂದ ಮೇಲೆ, ಎಲ್ಲರೂ ಇಳಿದುಹೋದ ಮೆಟ್ಟಿಲನ್ನು ನಾನೊಬ್ಬ ಬೋಳುಬಾಯಿಯವ ಹತ್ತಲು ಹೊರಟಿದ್ದೆ. ಅದೂ ಮೈಸೂರಿನ ಬ್ಯಾಂಡಿನಿಂದ ಕರಾವಳಿಯ ನಾಗಸ್ವರಕ್ಕೆ, ಗೋಪಾಲನಾಥರು ಹೋದ ದಾರಿಯಲ್ಲೇ ಎದುರುಮುಖವಾಗಿ. ಹೊಗಳಿಕೊಳ್ಳುವುದಕ್ಕೆ ಹೇಳುತ್ತಿಲ್ಲ. ಸ್ಯಾಕ್ಸೋಫೋನಿಗೂ ಮೇಲಿನ ಹಲ್ಲು ಊರಬೇಕು. ಹಾಗಾಗಿ ಆ ಬಾಗಿಲು ಮುಚ್ಚಿತ್ತು, ಅಷ್ಟೆ.

ನಾಗಸ್ವರಕ್ಕೆ ಹಲ್ಲು ಬೇಡ ಎಂದು ಹೇಳಿದವರು, ಆ ಮದುವೆಯಲ್ಲಿ ಆಲ್ಟೊ ಸ್ಯಾಕ್ಸೋಫೋನು ನುಡಿಸಿದವರೇ. ಊಟದ ನಂತರ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ನಾನು ಹೋಗಿ ನನ್ನ ಹಲ್ಲಿನ ದುಃಖ ತೋಡಿಕೊಂಡೆ. 'ಹಲ್ಲು ಎಂತಕೆ ಮಾರಾಯ್ರೆ? ನಮ್ಮ ಅಪ್ಪ ಕೊನೆಗೆ ಒಂದು ಹಲ್ಲೂ ಇಲ್ಲದೆ ಊದಿದ್ದಾರೆ. ತುಟಿ ಉಂಟಲ್ಲ, ಸಾಕು' ಎಂದರು. ಅವರದು ದೇವಾಡಿಗರ ಮನೆ. ದೇವಸ್ಥಾನದ ವಾದ್ಯ ತಲೆಮಾರುಗಳಿಂದ ಬಂದದ್ದು. ತೊಂಬತ್ತರ ದಶಕದಲ್ಲಿ ಅವರು ಸಾಲ ಮಾಡಿ ಹಳೆಯ ಸ್ಯಾಕ್ಸೋಫೋನು ತಂದಾಗ ಅಪ್ಪ ಮೂರು ದಿನ ಮಾತು ಬಿಟ್ಟಿದ್ದರಂತೆ. ನಾಲ್ಕನೆಯ ದಿನ ಮದುವೆಯ ವೀಳ್ಯ ಹಿಡಿದು ಬಂದವರು ಎಲ್ಲರೂ ಅದನ್ನೇ ಕೇಳಿದಾಗ ಮಾತಾಡಿದರಂತೆ. ಅಪ್ಪನ ನಾಗಸ್ವರ ಅಟ್ಟದಲ್ಲಿತ್ತು, ಹಳೆಯ ಪಂಚೆಯಲ್ಲಿ ಸುತ್ತಿ. ಕೆಳಗಿಳಿಸಿದಾಗ ಅದರೊಳಗಿಂದ ಒಂದು ಕಣಜದ ಮಣ್ಣುಗೂಡು ಉದುರಿತು.

ನಮ್ಮ ನಡುವೆ ಒಂದು ಒಪ್ಪಂದವಾಯಿತು. ಅವರು ನನಗೆ ನಾಗಸ್ವರ ಹೇಳಿಕೊಡುವುದು. ನಾನು ಅವರಿಗೆ ಒಂಟಿ ರೀಡಿನ ಮರ್ಮ ಹೇಳುವುದು. ಇಪ್ಪತ್ತೈದು ವರ್ಷ ಸ್ಯಾಕ್ಸೋಫೋನು ನುಡಿಸಿಯೂ ಅವರು ರೀಡನ್ನು ನಾಗಸ್ವರದವರ ಹಾಗೆಯೇ ನೋಡುತ್ತಿದ್ದರು. ಡಬ್ಬಿಯ ಮೇಲಿನ ಎರಡೂವರೆ, ಮೂರು ಎಂಬ ಅಂಕಿ ರೀಡಿನ ಗಡಸುತನದ್ದು ಎಂದು ಗೊತ್ತಿತ್ತು, ನಂಬಿಕೆಯಿರಲಿಲ್ಲ. 'ಅಂಗಿಯ ನಂಬರಿನ ಹಾಗೆ' ಎನ್ನುತ್ತಿದ್ದರು. ಹತ್ತರ ಡಬ್ಬಿಯಲ್ಲಿ ಮೂರು ಹಾಡುತ್ತವೆ, ನಾಲ್ಕು ಗೊಣಗುತ್ತವೆ, ಮೂರು ಹಲ್ಲುಜ್ಜಲಿಕ್ಕೂ ಬಾರವು ಎಂಬ ಲೆಕ್ಕ ಮಾತ್ರ ಇಬ್ಬರದೂ ಒಂದೇ ಆಗಿತ್ತು.

ಮೊದಲ ಪಾಠದಲ್ಲಿ ವಾದ್ಯ ಮುಟ್ಟಲು ಬಿಡಲಿಲ್ಲ. ಬರೀ ಸೀವಾಳಿ ಕೊಟ್ಟರು. ಸೀವಾಳಿ ಎಂದರೆ ನಾಗಸ್ವರದ ರೀಡು. ಹೆಬ್ಬೆರಳಿನ ಉಗುರಿನಷ್ಟು ಅಗಲದ, ಬೀಸಣಿಗೆಯ ಹಾಗೆ ತುದಿ ಹರಡಿದ, ಬುಡದಲ್ಲಿ ದಾರ ಸುತ್ತಿದ ಚಪ್ಪಟೆ ತುಂಡು. ಎರಡು ಎಸಳು, ನಡುವೆ ಕಂಡೂ ಕಾಣದ ಬಿರುಕು. ಅವರು ಅದನ್ನು ತಮ್ಮ ಬಾಯಲ್ಲಿಟ್ಟು ನೆನೆಸಿ, ಒಮ್ಮೆ 'ಪೀ' ಎನಿಸಿ, ಹದವಾಯಿತೆಂದು ತೆಗೆದು ನನ್ನ ಕೈಗೆ ಕೊಟ್ಟರು.

ನಾನು ಬೆಳೆದ ಮನೆಯಲ್ಲಿ ಎಂಜಲು ಮುಸುರೆಯ ಶಾಸ್ತ್ರ ಜೋರು. ಅಜ್ಜಿ ನೀರು ಕುಡಿಯುತ್ತಿದ್ದದ್ದು ಲೋಟವನ್ನು ಗೇಣು ಮೇಲೆತ್ತಿ. ಅದೆಲ್ಲ ನನ್ನ ಮಟ್ಟಿಗೆ ಎಂದೋ ಹೋಯಿತು ಎಂದುಕೊಂಡಿದ್ದೆ. ಬ್ಯಾಂಕಿನ ಕ್ಯಾಂಟೀನಿನಲ್ಲಿ ಯಾರ ತಟ್ಟೆಗಾದರೂ ಕೈಹಾಕಿ ಉಂಡವನು ನಾನು. ಆದರೂ ಆ ಒದ್ದೆ ಸೀವಾಳಿಯನ್ನು ಹಿಡಿದು ಕೂತ ನನ್ನ ಕೈ, ನನ್ನನ್ನು ಕೇಳದೆಯೇ, ಜೇಬಿನ ಕರ್ಚೀಫಿಗೆ ಹೋಯಿತು. ಬೆವರು ಒರೆಸುವ ನೆಪ ಮಾಡಿ, ಕರ್ಚೀಫಿನ ಮಡಿಕೆಯಲ್ಲಿ ಸೀವಾಳಿಯನ್ನು ಒಮ್ಮೆ ಒತ್ತಿ ತೆಗೆದೆ. ಮೇಷ್ಟ್ರು ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆಯ ಕಡೆಗೆ ನೋಡುತ್ತಿದ್ದರು. ನೋಡುತ್ತಿದ್ದರೋ, ನನ್ನನ್ನು ನೋಡದಿರಲೆಂದು ಅತ್ತ ನೋಡಿದರೋ. 'ಒಣಗಿದರೆ ಅದು ಮಾತಾಡುವುದಿಲ್ಲ. ಪುನಃ ನೆನೆಸಬೇಕು ಈಗ' ಎಂದರು ಅಷ್ಟೆ. ದಿನಾ ಬೆಳಗ್ಗೆ ದೇವರನ್ನು ಎಬ್ಬಿಸಲು ಇದೇ ಬಾಯಿ ನೆನೆಸಿದ ಸೀವಾಳಿ ಬೇಕು. ನಮ್ಮ ಮಡಿಯ ಲೆಕ್ಕದಲ್ಲಿ ಈ ಕಲಮನ್ನು ಯಾರು ಯಾವಾಗ ಹೇಗೆ ಸೇರಿಸಿದರೋ, ಲೆಡ್ಜರು ನೋಡಿ ಬದುಕಿದ ನನಗೂ ತಾಳೆ ಆಗಿಲ್ಲ.

ಬಾಯಲ್ಲಿಟ್ಟು ಊದಿದೆ. ಏನೂ ಬರಲಿಲ್ಲ. ಇನ್ನಷ್ಟು ಬಿಗಿ ಹಿಡಿದು ಊದಿದೆ. ಕಿವಿ ಕೆಂಪಾಯಿತು, ಸದ್ದಿಲ್ಲ.

'ಕಚ್ಚುವುದು ಯಾಕೆ? ಅದೇನು ಚಕ್ಕುಲಿಯಾ?'

ನಾನು ಕಚ್ಚುತ್ತಿರಲಿಲ್ಲ, ಹಲ್ಲೇ ಇಲ್ಲವಲ್ಲ. ಆದರೆ ತುಟಿಯೇ ಹಲ್ಲಾಗಿತ್ತು. ಕ್ಲಾರಿನೆಟ್ಟಿನಲ್ಲಿ ಕೆಳಗಿನಿಂದ ಒತ್ತುವುದು ನಲವತ್ತು ವರ್ಷದ ಅಭ್ಯಾಸ. ಅಲ್ಲಿ ಒತ್ತಿದರೂ ನಡೆಯುತ್ತದೆ. ಯಾಕೆಂದರೆ ರೀಡಿನ ಆಚೆಬದಿಗೆ ಎಬೊನೈಟಿನ ಗೋಡೆಯಿದೆ, ರೀಡು ಆ ಗೋಡೆಯ ಅಂಚಿಗೆ ಬಡಿಬಡಿದು ನಾದ ಹೊರಡುತ್ತದೆ. ಗೋಡೆ ಅಲುಗುವುದಿಲ್ಲ, ದೂರುವುದೂ ಇಲ್ಲ. ಸೀವಾಳಿಯಲ್ಲಿ ಗೋಡೆಯಿಲ್ಲ. ಒಂದು ಎಸಳಿಗೆ ಇನ್ನೊಂದು ಎಸಳೇ ಎದುರು, ಎರಡೂ ನಡುಗುವಂಥವೇ. ಸ್ವಲ್ಪ ಒತ್ತಿದರೆ ನಡುವಿನ ಬಿರುಕೇ ಮುಚ್ಚಿಹೋಗಿ ಉಸಿರಿಗೆ ದಾರಿಯಿಲ್ಲ. ಪೂರ್ತಿ ಸಡಿಲ ಬಿಟ್ಟರೆ ಹಸು ಅಂಬಾ ಎಂದ ಹಾಗೆ. ಈ ಎರಡರ ನಡುವೆ ಕೂದಲೆಳೆಯ ಜಾಗವಿದೆಯಂತೆ, ಅಲ್ಲಿ ನಾಗಸ್ವರವಿದೆಯಂತೆ.

ಆ ಸಂಜೆ ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. ಜೋಡಿ ಎಸಳು, ಎದುರುಬದುರು, ಬಿಗಿಯೂ ಬೇಡ ಸಡಿಲವೂ ಬೇಡ ಎನ್ನುವಷ್ಟರಲ್ಲಿ ದಾಂಪತ್ಯದ ಉಪಮೆಯೊಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳು ಮೊದಲೇ ಕೈ ತೋರಿಸಿ ತಡೆದಳು. 'ಅದನ್ನು ಹೇಳಬೇಡಿ. ನಾನು ಯಾರ ಬಾಯೊಳಗೂ ಇಲ್ಲ.' ಹಾಗಾಗಿ ಆ ಉಪಮೆಯನ್ನು ಇಲ್ಲೂ ಕೈಬಿಟ್ಟಿದ್ದೇನೆ. 'ಅಂತೂ ಅರವತ್ತಕ್ಕೆ ಎರಡು ನಾಲಿಗೆಯವರಾದಿರಿ' ಎಂದು ಅವಳೇ ಹೇಳಿದ್ದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ನಂಬಿಸಿ ಮಾತು ತಪ್ಪುವವನಿಗೆ ಕನ್ನಡದಲ್ಲಿ ಇರುವ ಬಿರುದು ಅದು. ಕ್ಲಾರಿನೆಟ್ಟಿನ ಪೆಟ್ಟಿಗೆ ಬೀರುವಿನ ಮೇಲೆ ಧೂಳು ಹಿಡಿಯುತ್ತಿದ್ದುದನ್ನು ನೋಡಿದರೆ ತಪ್ಪೇನಲ್ಲ.

ಹದಿನೈದು ದಿನ ಬರೀ ಸೀವಾಳಿಯ ಜೊತೆ ಗುದ್ದಾಡಿದ ಮೇಲೆ ಒಂದು ದಿನ ಪಕ್ಕದ ಮನೆಯ ಹುಡುಗಿ ತೆಂಗಿನ ಗರಿಯ ಪೀಪಿ ಊದುತ್ತಾ ಅಂಗಳಕ್ಕೆ ಬಂದಳು. ಒಂದು ಎಲೆಯನ್ನು ಕಡ್ಡಿಯಿಂದ ಬಿಡಿಸಿ, ತುದಿಯಿಂದ ಸುತ್ತುತ್ತಾ ಸುತ್ತುತ್ತಾ ಅಗಲ ಮಾಡುತ್ತಾ ಹೋಗಿ, ಕೊನೆಯಲ್ಲಿ ಒಂದು ಹಿಡಿಕಡ್ಡಿ ಚುಚ್ಚಿದರೆ ಪೀಪಿ. ಸಣ್ಣ ಬಾಯಿಯನ್ನು ಎರಡು ಬೆರಳಲ್ಲಿ ಚಪ್ಪಟೆ ಮಾಡಿ ಊದುವುದು. ನಾನೂ ಚಿಕ್ಕವನಾಗಿದ್ದಾಗ ನೂರಾರು ಮಾಡಿದ್ದೇನೆ. ಆ ಚಪ್ಪಟೆ ಬಾಯಿ ಏನು? ಎರಡು ಎಸಳು, ನಡುವೆ ಬಿರುಕು. ಮುಂದೆ ಅಗಲವಾಗುತ್ತಾ ಹೋಗುವ ಕೊಳವೆ. ನಾಗಸ್ವರವೇ ಅದು! ಕ್ಲಾರಿನೆಟ್ಟಿಗೆ ನಲವತ್ತು ವರ್ಷ ಕೊಟ್ಟವನ ಮೊದಲ ವಾದ್ಯ ಜೋಡಿ ನಾಲಿಗೆಯದೇ ಆಗಿತ್ತು. ಹುಡುಗಿಯ ತುಟಿ ಹೇಗಿದೆ ಎಂದು ನೋಡಿದೆ. ಏನೂ ಮಾಡುತ್ತಿರಲಿಲ್ಲ. ಹಾಲು ಕುಡಿಯುವ ಮಗುವಿನ ಹಾಗೆ ಸುಮ್ಮನೆ ಮುಚ್ಚಿತ್ತು. ನಾನೂ ಒಂದು ಪೀಪಿ ಸುತ್ತಿಕೊಂಡೆ. ಎಲೆಯ ಪೀಪಿಯನ್ನು ಕಚ್ಚಿದರೆ ಹರಿಯುತ್ತದೆ. ಅದರಷ್ಟು ಒಳ್ಳೆಯ ಮೇಷ್ಟ್ರಿಲ್ಲ. ಇಪ್ಪತ್ತೋ ಮೂವತ್ತೋ ಪೀಪಿ ಹರಿದ ಮೇಲೆ ಸೀವಾಳಿ ನನಗೆ ಮೊದಲ ಸಲ ಓಗೊಟ್ಟಿತು.

ಉಸಿರಿನದು ಇನ್ನೊಂದು ಕಥೆ. ಕ್ಲಾರಿನೆಟ್ಟಿನಲ್ಲಿ ನಾನು ಉಸಿರನ್ನು ಸುರಿಯುತ್ತಿದ್ದೆ, ಇಲ್ಲಿ ಅದನ್ನು ತುರುಕಬೇಕು. ಸಣ್ಣ ಬಿರುಕು, ಹಿಂದೆ ಅಷ್ಟೊಂದು ಒತ್ತಡ. ಒಂದು ಬೆಳಗ್ಗೆ ಷಡ್ಜ ಹಿಡಿದು ಎಣಿಸುತ್ತಿದ್ದಾಗ ಹನ್ನೆರಡಕ್ಕೆ ಸರಿಯಾಗಿ ಮೂಗಿನಿಂದ ಪುಸ್ಸೆಂದು ಗಾಳಿ ಸೋರಿ ನಾದ ಕುಸಿಯಿತು. ಅಂಗುಳಿನ ಹಿಂದಿನ ಮೆತ್ತನೆಯ ಬಾಗಿಲು ದಣಿದು ತೆರೆದುಕೊಂಡದ್ದು ಅದು. ಪಶ್ಚಿಮದ ಓಬೋ ವಾದಕರಿಗೂ ಇದು ಗೊತ್ತಿರುವ ಪಾಡು. ಮೇಷ್ಟ್ರಿಗೆ ಹೇಳಿದರೆ, 'ಟಯರಿನಲ್ಲಿ ತೂತು ಉಂಟೆಂದು ಗೊತ್ತಾಯ್ತಲ್ಲ, ಈಗ ಪಂಕ್ಚರು ಹಾಕುವ' ಎಂದು ಒಂದು ಬೊಂಡ, ಅಂದರೆ ಎಳನೀರು, ಕೆತ್ತಿ ಸ್ಟ್ರಾ ಹಾಕಿ ಕೊಟ್ಟರು. ಕುಡಿಯುವುದಕ್ಕಲ್ಲ. ಸ್ಟ್ರಾದಿಂದ ಒಳಕ್ಕೆ ಊದಿ ಗುಳ್ಳೆ ಎಬ್ಬಿಸುತ್ತಲೇ ಇರಬೇಕು, ಕೆನ್ನೆಯಲ್ಲಿ ಉಳಿದ ಗಾಳಿಯನ್ನು ಹಿಂಡುವ ಆ ಕ್ಷಣದಲ್ಲಿ ಮೂಗಿನಿಂದ ಹೊಸ ಉಸಿರು ಎಳೆಯಬೇಕು, ಗುಳ್ಳೆ ನಿಲ್ಲಬಾರದು. ಹಿಂದೆ ಒತ್ತು ಊದುವ ಹುಡುಗರನ್ನು ಹೀಗೆ ಪಳಗಿಸುತ್ತಿದ್ದರಂತೆ. ಒತ್ತು ಎಂದರೆ ಬೆರಳಾಡಿಸುವ ತೂತುಗಳಿಲ್ಲದ, ನಾಗಸ್ವರದಂಥದೇ ಉದ್ದನೆಯ ಕೊಳವೆ. ಕಛೇರಿ ಮುಗಿಯುವ ತನಕ ಒಂದೇ ಶ್ರುತಿಯನ್ನು ಬಿಡದೆ ಹಿಡಿಯುವುದು ಅದರ ಕೆಲಸ. ಆ ಹುಡುಗರನ್ನು ಈಗ ಬ್ಯಾಟರಿಯ ಶ್ರುತಿಪೆಟ್ಟಿಗೆ ಮನೆಗೆ ಕಳಿಸಿದೆ. ನಾಲ್ಕು ತಿಂಗಳಲ್ಲಿ ನಾನು ಎಷ್ಟು ಬೊಂಡಗಳಿಗೆ ಗುಳ್ಳೆ ಎಬ್ಬಿಸಿದೆನೋ. 'ಊದಿದ್ದನ್ನು ಕುಡಿಯುವವರು ಯಾರು?' ಎಂದು ಹೆಂಡತಿ ಕೇಳಿದಳು. ನಾನೇ ಕುಡಿದೆ. ಅದು ನನ್ನದೇ ಎಂಜಲು.

ಬೆರಳುಗಳಿಗೂ ಬುದ್ಧಿ ಕಲಿಸಬೇಕಿತ್ತು. ಕ್ಲಾರಿನೆಟ್ಟಿನ ಕೊಳವೆ ಹೆಚ್ಚುಕಡಿಮೆ ಉದ್ದಕ್ಕೂ ಒಂದೇ ದಪ್ಪ. ಆ ಒಂದು ಕಾರಣದಿಂದ ಅದರ ಮೇಲುಪ್ಪರಿಗೆಗೆ ವಿಚಿತ್ರ ಏಣಿ. ಕೆಳಗೆ ಷಡ್ಜ ಹಿಡಿದ ಬೆರಳುಗಳನ್ನು ಹಾಗೇ ಇಟ್ಟು ಹಿಂಬದಿಯ ಕೀಲಿ ಒತ್ತಿದರೆ, ಅದು ತಾರಷಡ್ಜಕ್ಕೆ ನಿಲ್ಲದೆ ಅದರ ಮೇಲಿನ ಪಂಚಮಕ್ಕೆ ಜಿಗಿಯುತ್ತದೆ. ಹಾಗಾಗಿ ಕೆಳಗಿನ ಮನೆಯ ಬೆರಳೇ ಬೇರೆ, ಮೇಲಿನ ಮನೆಯದೇ ಬೇರೆ. ಎರಡು ಮನೆಯ ಸಂಸಾರ. ನಾಗಸ್ವರ ಕೆಳಗೆ ಹೋದ ಹಾಗೆ ಅರಳುವ ಕೊಳವೆ. ಉಸಿರು ಬಿಗಿ ಮಾಡಿದರೆ ಅದೇ ಬೆರಳಿನಲ್ಲಿ ಷಡ್ಜದಿಂದ ನೇರ ತಾರಷಡ್ಜ. ಸ್ಯಾಕ್ಸೋಫೋನೂ ಅರಳುವ ಕೊಳವೆಯೇ. ಕರಾವಳಿಯ ನಾಗಸ್ವರದವರ ಬೆರಳು ಅದಕ್ಕೆ ಒಗ್ಗಿದ್ದರಲ್ಲಿ ಇದಕ್ಕೂ ಒಂದು ಪಾಲಿರಬೇಕು ಎಂದು ನನ್ನ ಊಹೆ. ಈ ಸುಖವನ್ನು ಕಂಡು ಹಿಗ್ಗಿದೆ. ಹಿಗ್ಗು ಮಧ್ಯಮದವರೆಗೆ ಮಾತ್ರ ಇತ್ತು.

ಹನ್ನೆರಡು ತೂತುಗಳಿದ್ದರೂ ಬೆರಳಿಗೆ ಸಿಗುವುದು ಏಳು. ಉಳಿದ ಐದು ಕೆಳಗಡೆ, ಮೇಣ ತುಂಬಿ ಶ್ರುತಿ ಹೊಂದಿಸಲಿಕ್ಕೆ. ಅರವತ್ತರ ಮುದುಕ ಮಾಯಾಮಾಳವಗೌಳದ ಸರಳೆಯಿಂದ ಶುರುಮಾಡಿದೆ. ಸ ರಿ ಗ ಬಂತು. ಮ ಎಂದು ಬೆರಳೆತ್ತಿದರೆ ಬಂದದ್ದು ಶುದ್ಧವೂ ಅಲ್ಲದ ಪ್ರತಿಯೂ ಅಲ್ಲದ, ನಡುಬೀದಿಯಲ್ಲಿ ನಿಂತ ಮಧ್ಯಮ. ತೂತು ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೇಷ್ಟ್ರು ವಾದ್ಯ ತೆಗೆದುಕೊಂಡು ಅದೇ ಬೆರಳಿನಲ್ಲಿ ಶುದ್ಧಮಧ್ಯಮ, ಅದರ ಮೇಲೆ ಪ್ರತಿಮಧ್ಯಮ, ನಡುವಿನ ಎಲ್ಲ ಮೆಟ್ಟಿಲುಗಳನ್ನೂ ತೋರಿಸಿ ನನ್ನ ಕೈಗೆ ಮರಳಿಸಿದರು. 'ತೂತಿಗೆ ಸ್ವರ ಗೊತ್ತಿಲ್ಲ ಮಾರಾಯ್ರೆ. ನಿಮಗೆ ಗೊತ್ತಿರಬೇಕು.' ಕ್ಲಾರಿನೆಟ್ಟಿನಲ್ಲಿ ಕೀಲಿ ಒತ್ತಿದರೆ ಸ್ವರ ನನ್ನ ಖಾತೆಗೆ ಜಮೆಯಾಗುತ್ತಿತ್ತು. ಸ್ವಲ್ಪ ಹೆಚ್ಚುಕಡಿಮೆಯನ್ನು ತುಟಿಯಲ್ಲಿ ಸರಿಮಾಡಿದರಾಯಿತು. ಇಲ್ಲಿ ಮೊದಲು ಕಿವಿಯೊಳಗೆ ಸ್ವರ ಇರಬೇಕು, ಆಮೇಲೆ ತುಟಿಗೆ ಇಳಿಯಬೇಕು, ಕೊನೆಗೆ ಬೆರಳು ಸುಮ್ಮನೆ ದಾರಿ ಬಿಡಬೇಕು. 'ಕೀಗಳೇ ಇಲ್ವಲ್ಲೋ ಅದಕ್ಕೆ' ಎಂದಿದ್ದ ಹದಿನೇಳರ ಹುಡುಗನನ್ನು ಆ ತಿಂಗಳು ಬಹಳ ಸಲ ನೆನೆಸಿಕೊಂಡೆ.

ಮನೆಯಲ್ಲಿ ಸಾಧನೆ ಸಾಧ್ಯವಿರಲಿಲ್ಲ. ಬಯಲಿಗೆ, ತೇರಿಗೆ, ಸಾವಿರ ಜನರ ಗದ್ದಲಕ್ಕೆಂದು ಹುಟ್ಟಿದ ವಾದ್ಯ ಅದು. ಮೆಲ್ಲಗೆ ಎನ್ನುವುದು ಅದಕ್ಕೆ ತಿಳಿಯದು. ಮಾವನ ಅಡಿಕೆ ತೋಟದ ತುದಿಯಲ್ಲಿ ಪಂಪುಶೆಡ್ಡಿನ ಪಕ್ಕ ಜಾಗ ಮಾಡಿಕೊಂಡೆ. ಈಗ ಈ ಕಡೆ ನವಿಲುಗಳ ಹಾವಳಿ. ನಾನು ಆರು ಗಂಟೆಗೆ ಷಡ್ಜ ಹಿಡಿದರೆ ಗುಡ್ಡದಿಂದ ಒಂದು ಕೂಗುತ್ತಿತ್ತು, ಅದಕ್ಕೆ ಇನ್ನೊಂದು. ನವಿಲಿನ ಕೂಗೇ ಷಡ್ಜ ಎಂದು ಸಂಗೀತಶಾಸ್ತ್ರದ ಹಳೆಯ ಲೆಕ್ಕ. ಶ್ರುತಿಪೆಟ್ಟಿಗೆ ಇಟ್ಟು ಹೊಂದಿಸಿ ನೋಡಿದೆ. ನವಿಲು ನನಗಿಂತ ಅರ್ಧ ಸ್ವರ ಮೇಲಿತ್ತು. ಯಾರು ತಪ್ಪು ಎಂದು ಮೇಷ್ಟ್ರನ್ನು ಕೇಳುವ ಧೈರ್ಯ ಬರಲಿಲ್ಲ.

ಮಳೆಗಾಲ ಬಂತು. ಕ್ಲಾರಿನೆಟ್ಟಿನ ರೀಡು ಮಳೆಗೆ ಉಬ್ಬಿದರೆ ನಾನು ಗಾಜಿನ ಮೇಲೆ ಸಣ್ಣ ಮರಳುಕಾಗದ ಹಾಸಿ ಉಜ್ಜಿ ಸರಿಮಾಡುತ್ತಿದ್ದೆ. ಆಟಿಯ ಮಳೆಯಲ್ಲಿ ಸೀವಾಳಿಯ ವರಸೆಯೇ ಬೇರೆ. ಬೂಷ್ಟು ಹಿಡಿಯುತ್ತದೆ, ಎಸಳು ಮಂಕಾಗುತ್ತದೆ, ಎರಡೂ ಒಂದಕ್ಕೊಂದು ಅಂಟಿ ಮುನಿಸಿಕೊಂಡ ಹಾಗೆ ಬಾಯಿ ಬಿಡುವುದಿಲ್ಲ. ನಾಗಸ್ವರದ ಕೊರಳಿನಿಂದ ದಾರದಲ್ಲಿ ಜೋತುಬಿದ್ದ ಗೊಂಚಲನ್ನು ನೋಡಿ ಮಕ್ಕಳು ಆಭರಣ ಎಂದುಕೊಳ್ಳುತ್ತಾರೆ. ಅದು ದುರಸ್ತಿಯ ಪೆಟ್ಟಿಗೆ. ಬದಲಿ ಸೀವಾಳಿಗಳು, ಜೊತೆಗೆ ಎಸಳಿನ ನಡುವೆ ತೂರಿಸಿ ಬಾಯಿ ಬಿಡಿಸುವ ಸೂಜಿ. ಮೇಷ್ಟ್ರ ಸೀವಾಳಿಗಳಿಗೆ ನಂಬರಿರಲಿಲ್ಲ, ಸ್ವಭಾವವಿತ್ತು. 'ಇದು ಬೆಳಗಿನದ್ದು. ಇದು ಸಿಟ್ಟಿನದ್ದು, ಮದುವೆಗೆ ಆಗುವುದಿಲ್ಲ. ಇದು ಅಪ್ಪನದ್ದು, ಊದಬೇಡಿ, ಇರಲಿ.'

ಸೀವಾಳಿಯ ಜೊಂಡು ಬೆಳೆಯುವುದು ಕಾವೇರಿಯ ದಂಡೆಯಲ್ಲಿ, ತಂಜಾವೂರಿನ ಸೀಮೆ. ಅಲ್ಲಿಯ ತಿರುವಾವಡುದುರೈಯಲ್ಲಿ ಅದನ್ನು ಕಟ್ಟುವ ಮನೆಗಳಿವೆ. ವಾದ್ಯ ಮಾಡುವವರು ಕುಂಭಕೋಣದ ಬಳಿಯ ನರಸಿಂಗಂಪೇಟೆಯವರು. ಅವರ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅವರು ಆಚ್ಚಾ ಎನ್ನುವ ಮರ ನಮ್ಮ ಕಮರ. ಹಸಿ ಮರ ಸೀಳೀತೆಂದು, ಕೆಡವಿದ ಹಳೆಯ ಮನೆಗಳ ತೊಲೆ ಕಂಬಗಳನ್ನೇ ಹುಡುಕಿ ತರುತ್ತಾರಂತೆ. ಯಾವುದೋ ಮನೆಯ ಮಾಡು ಹೊತ್ತು ನಿಂತಿದ್ದ ತೊಲೆ ಹಾಡಲು ಹೋಗುತ್ತದೆ. ಕ್ಲಾರಿನೆಟ್ಟಿನ ರೀಡಾದರೆ ಫ್ರಾನ್ಸಿನ ದಕ್ಷಿಣದ ವಾರ್ ಪ್ರಾಂತ್ಯದ ಜೊಂಡು. ಡಬ್ಬಿಯೊಳಗೆ ಒಂದೊಂದಕ್ಕೂ ಪ್ಲಾಸ್ಟಿಕ್ಕಿನ ಕೋಣೆ. ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ನಾನು ಮುಳುಗು ಹಾಕಿದ ನೀರೇ ಕೆಳಗೆ ಹರಿದು ಜೊಂಡಾಗಿ ಪುತ್ತೂರಿನಲ್ಲಿ ನನ್ನ ಬಾಯಿಗೆ ಬಂತಲ್ಲ ಎಂದು ಒಮ್ಮೆ ಭಾವುಕನಾಗಿ ಹೇಳಿದೆ. 'ಹಾಗಾದರೆ ಸ್ವಲ್ಪ ಮರ್ಯಾದೆಯಿಂದ ಊದಿ' ಎಂದರು ಮೇಷ್ಟ್ರು.

ಅವರ ಕಡೆಯ ಪಾಠವೂ ನಡೆದಿತ್ತು. ನನ್ನ ಮಾತು ಕೇಳಿ ಮೂರನೆಯ ನಂಬರಿನಿಂದ ಎರಡೂವರೆಗೆ ಇಳಿದರು, ಲಿಗೇಚರನ್ನು ಒಂದು ಸುತ್ತು ಸಡಿಲಿಸಿದರು, ರೀಡನ್ನು ಕೊಕ್ಕಿನ ತುದಿಗೆ ಕೂದಲಷ್ಟು ಕೆಳಗಿಟ್ಟು ಕಟ್ಟುವುದನ್ನು ರೂಢಿ ಮಾಡಿಕೊಂಡರು. ಮಂದ್ರ ಮೃದುವಾಯಿತೆಂದು ಅವರೇ ಒಪ್ಪಿದರು. ಹೊಗಳಿಕೆಗೆ ಬಾಯಿ ತೆರೆದವರಲ್ಲ. ನನ್ನ ಬಗ್ಗೆ ಒಂದೇ ಒಂದು ಸಲ, ಹನ್ನೊಂದನೆಯ ತಿಂಗಳಲ್ಲಿ, ಮೋಹನದ ಒಂದು ಗೀತೆ ಮುಗಿಸಿದಾಗ, 'ಈಗ ಹಸು ಅಲ್ಲ' ಎಂದಿದ್ದರು.

ಆ ವರ್ಷ ಅವರ ಊರಿನ ದೇವಸ್ಥಾನದ ಜೀರ್ಣೋದ್ಧಾರ ಮುಗಿದು ಉತ್ಸವ. ಬಲಿಯಲ್ಲಿ ದೇವರನ್ನು ತಲೆಯ ಮೇಲೆ ಹೊತ್ತು ಅಂಗಣದಲ್ಲಿ ಸುತ್ತು ಬರುವಾಗ ಚೆಂಡೆಗೊಂದು ಸುತ್ತು, ನಾಗಸ್ವರಕ್ಕೊಂದು ಸುತ್ತು ಎಂದಿರುತ್ತದೆ. ನಾಗಸ್ವರದ ಸುತ್ತಿಗೂ ಸ್ಯಾಕ್ಸೋಫೋನು ಸಾಕೆಂದು ಕಮಿಟಿಯವರು. ಎಂಬತ್ತು ದಾಟಿದ ಅರ್ಚಕರೊಬ್ಬರು ಮಾತ್ರ, ಇದೊಂದು ಸಲ ಹಳೆಯದೇ ಆಗಲಿ ಎಂದು ಪಟ್ಟು ಹಿಡಿದರು. ಮೇಷ್ಟ್ರು ಹಿಂದಿನ ಸಂಜೆ ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಕೂತು, ಅಡಿಕೆಯ ಧಾರಣೆ ಮಾತಾಡಿ, ಕಾಫಿ ಕುಡಿದು, ಲೋಟ ಕೆಳಗಿಟ್ಟ ಮೇಲೆ, ತಮ್ಮದೇ ವಾದ್ಯವನ್ನು ಸಾಲ ಕೇಳುವವರ ಹಾಗೆ ಕೇಳಿದರು. 'ನಾಳೆಗೆ ಮಾತ್ರ. ನೀವೂ ಬನ್ನಿ. ಶ್ರುತಿಗೆ ಜನ ಬೇಕು.'

ತಿಂಗಳುಗಟ್ಟಲೆ ಬೊಂಡಕ್ಕೆ ಗುಳ್ಳೆ ಎಬ್ಬಿಸಿ ಕಲಿತ ಉಸಿರಿಗೆ ಕೆಲಸ ಬಂತು ಎಂದು ರಾತ್ರಿ ನಿದ್ದೆ ಬರಲಿಲ್ಲ. ಹೋದ ಮೇಲೆ ಗೊತ್ತಾಯಿತು, ಶ್ರುತಿ ಎಂದರೆ ಬ್ಯಾಟರಿಯ ಪೆಟ್ಟಿಗೆ. ಅದನ್ನು ಬಟ್ಟೆಚೀಲದಲ್ಲಿ ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ನಡೆಯುವುದು ನನ್ನ ಪಾಲು. ಹಾಕಿಕೊಂಡೆ. ಪಂಚೆ ಎತ್ತಿ ಕಟ್ಟಿದೆ. ಅಂಗಣದ ಕಲ್ಲು ಹಾಸು ರಾತ್ರಿಯ ಇಬ್ಬನಿಗೆ ತಣ್ಣಗಿತ್ತು. ಡೋಲಿನವನು ಬಲಗೈ ಬೆರಳಿಗೆ ಕುಪ್ಪಿ ಏರಿಸಿಕೊಳ್ಳುತ್ತಿದ್ದ. ಚೆಂಡೆಯ ಸುತ್ತು ಮುಗಿಯುತ್ತಾ ಬಂದಿತ್ತು.

ಮೇಷ್ಟ್ರು ಗೊಂಚಲಿನಿಂದ ಅಪ್ಪನ ಸೀವಾಳಿಯನ್ನು ತೆಗೆದು ನೆನೆಸಿ ನೋಡಿದರು. ಅದು ಬಾಯಿ ಬಿಡಲಿಲ್ಲ. ಸೂಜಿ ಹಾಕಿದರು. ಒಂದು ಎಸಳಿನ ಅಂಚು ಚಕ್ಕೆಯಾಗಿ ಎದ್ದಿತು. ಅದನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು ನನ್ನತ್ತ ಕೈ ಚಾಚಿದರು. ಬೆಳಗ್ಗೆ ತೋಟದಲ್ಲಿ ಊದಿದ್ದ ನನ್ನ ಸೀವಾಳಿ ನನ್ನ ಬಾಯಲ್ಲೇ ಇತ್ತು, ಒಣಗದಿರಲೆಂದು ಕೆನ್ನೆಯಲ್ಲಿ ಇಟ್ಟುಕೊಂಡಿದ್ದೆ, ಅವರಿಂದಲೇ ಕಲಿತದ್ದು. ತೆಗೆದು ಕೊಡುವಾಗ ಇನ್ನೊಂದು ಕೈ ಜೇಬಿಗೆ ಹೋಗಿತ್ತು. ಕರ್ಚೀಫು ಹೊರಬರುವಷ್ಟರಲ್ಲಿ ಅವರು ಸೀವಾಳಿಯನ್ನು ಬಾಯಿಗೆ ಹಾಕಿಯಾಗಿತ್ತು.

ಒಮ್ಮೆ ಊದಿ ಮುಖ ಕಿವುಚಿದರು. 'ಒಂದು ಬದಿ ಕಚ್ಚಿ ಕಚ್ಚಿ ಕ್ಲಾರಿನೆಟ್ಟು ಮಾಡಿದ್ದೀರಲ್ಲ ಮಾರಾಯ್ರೆ.'

ಆಮೇಲೆ ಸೀವಾಳಿಯನ್ನು ತಿರುವಿ ಹಾಕಿ, ಕೆಳಗಿನ ಎಸಳನ್ನು ಮೇಲೆ ಮಾಡಿ, ಇನ್ನೊಮ್ಮೆ ಊದಿದರು. ಡೋಲಿನವನು ತಲೆಯೆತ್ತಿ ನೋಡಿದ. ನಾನು ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸಿದೆ.